ಮತ್ತೆ ಕಾಜಾ ಹುಡುಗನಾದೆ

ಹದಿಮೂರನೆಯ ವಯಸ್ಸಿನಲ್ಲಿ ಸೋದರಮಾವನ ಟೈಲರ್ ಅಂಗಡಿಗೆ ಸೇರಿದಾಗ ಮೊದಲ ಒಂದು ವರ್ಷ ನನಗೆ ಕತ್ತರಿ ಮುಟ್ಟಲು ಬಿಡಲಿಲ್ಲ. ಕಾಜಾ ಹೊಲಿಯಬೇಕು, ಗುಂಡಿ ಹಾಕಬೇಕು, ಚಹಾ ತರಬೇಕು. ಉಳಿದ ಹೊತ್ತೆಲ್ಲ ಕಟಿಂಗ್ ಟೇಬಲ್ಲಿನ ಪಕ್ಕ ನಿಂತು ನೋಡಬೇಕು. ಏನು ನೋಡಬೇಕು ಎಂದು ಒಮ್ಮೆ ಕೇಳಿದ್ದಕ್ಕೆ ಮಾವ ತಲೆ ಎತ್ತದೆ ಹೇಳಿದ್ದರು: “ಬಟ್ಟೆ ಎಲ್ಲರಿಗೂ ಕಾಣುತ್ತದೆ. ನೀನು ನನ್ನ ಹೆಬ್ಬೆರಳು ನೋಡು.” ಇದೆಂಥ ಕಲಿಕೆ ಎಂದು ಅವ್ವನ ಹತ್ತಿರ ಗೊಣಗಿದ್ದೆ. ವರ್ಷ ಕಳೆದು ಕತ್ತರಿ ಕೈಗೆ ಬಂದ ದಿನ ಅದು ಹೊಸ ವಸ್ತು ಅನ್ನಿಸಲಿಲ್ಲ.

ಆ ಕೈ ಹೋದದ್ದು ನನ್ನ ಐವತ್ತೈದನೆಯ ವಯಸ್ಸಿನಲ್ಲಿ, ಮೇ ತಿಂಗಳ ಕೊನೆಯ ವಾರ. ದಾವಣಗೆರೆಯಲ್ಲಿ ಟೈಲರ್ ಆದವನಿಗೆ ಅದು ಶಾಲಾ ಸಮವಸ್ತ್ರದ ಕಾಲ. ರಾತ್ರಿ ಹನ್ನೊಂದರವರೆಗೆ ಚಡ್ಡಿಗಳನ್ನು ಕತ್ತರಿಸಿ ಮಲಗಿದವನು ಬೆಳಿಗ್ಗೆ ಏಳಲು ಹೋದರೆ ಬಲಗೈ ಹಾಸಿಗೆಯಲ್ಲೇ ಉಳಿಯಿತು. ಕೈ ಮೇಲೆ ಮಲಗಿ ಜೋಮು ಹಿಡಿದಿದೆ ಎಂದುಕೊಂಡೆ. ಕಾಲು ಊರಿದರೆ ಅದೂ ಇಲ್ಲ. ಹೆಂಡತಿಯನ್ನು ಕೂಗಿದರೆ ಬಾಯಲ್ಲಿ ಅಂಬಲಿ ತುಂಬಿಕೊಂಡು ಮಾತನಾಡಿದ ಹಾಗೆ ಕೇಳಿಸಿತು.

ಆಸ್ಪತ್ರೆಯಲ್ಲಿ ಡಾಕ್ಟರು ಮೊದಲು ಕೇಳಿದ್ದು ಒಂದೇ ಪ್ರಶ್ನೆ: “ಯಾವಾಗ ಶುರುವಾಯಿತು?” ಅದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ. ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್ನನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕಂತೆ. ನಿದ್ದೆಯಲ್ಲಿ ಲಕ್ವ ಹೊಡೆದದ್ದಾದರೆ, ಕೊನೆಗೆ ಸರಿಯಾಗಿದ್ದ ಹೊತ್ತಿನಿಂದ ಲೆಕ್ಕ. ನಾನು ಕೊನೆಗೆ ಸರಿಯಾಗಿದ್ದದ್ದು ರಾತ್ರಿ ಹನ್ನೊಂದಕ್ಕೆ. ಸ್ಕ್ಯಾನಿಂಗಿನಲ್ಲಿ ಎಡ ಮಿದುಳಿನ ಆಳದಲ್ಲಿ ಹುಣಸೆ ಬೀಜದಷ್ಟು ಜಾಗ ಸತ್ತಿರುವುದು ಕಂಡಿತು. ಇಷ್ಟು ಚಿಕ್ಕದಕ್ಕೆ ಅರ್ಧ ಮೈ ಹೇಗೆ ಬಿದ್ದುಹೋಗುತ್ತದೆ ಎಂದು ಮಗಳು ಕೇಳಿದಳು. ಬಲಭಾಗದ ಮುಖ, ಕೈ, ಕಾಲಿಗೆ ಅಪ್ಪಣೆ ಒಯ್ಯುವ ನರದೆಳೆಗಳೆಲ್ಲ ಆ ಇಕ್ಕಟ್ಟಿನಲ್ಲೇ ಒತ್ತಾಗಿ ಸೇರಿ ಕೆಳಗಿಳಿಯುತ್ತವೆ ಎಂದರು. ಅದು ನನಗೆ ಅರ್ಥವಾಯಿತು. ನೂರು ಮೀಟರ್ ದಾರವಾದರೂ ಹಾಯುವುದು ಸೂಜಿಯ ಒಂದೇ ಕಣ್ಣಿನಲ್ಲಿ. ಬಿಪಿ ಮಾತ್ರೆಯನ್ನು ನಾನಾಗಿಯೇ ಬಿಟ್ಟು ಎಂಟು ತಿಂಗಳಾಗಿತ್ತು. ಅದರ ಬಗ್ಗೆ ಹೆಂಡತಿ ಇಂದಿಗೂ ಏನೂ ಹೇಳುವುದಿಲ್ಲ, ರಾತ್ರಿ ಊಟದ ತಟ್ಟೆಯ ಪಕ್ಕ ಮಾತ್ರೆ ಇಡುತ್ತಾಳೆ ಅಷ್ಟೆ.

ಆಸ್ಪತ್ರೆಯಿಂದ ಬಂದ ಮೇಲೆ ಲಕ್ವಕ್ಕೆ ಊರವರೆಲ್ಲ ವೈದ್ಯರಾದರು. ಒಬ್ಬರು ಪಾರಿವಾಳದ ರಕ್ತ ಹಚ್ಚಿ ಎಂದರು. ಇನ್ನೊಬ್ಬರ ಮಾತು ಕೇಳಿ ಒಂದು ಹಳ್ಳಿಗೆ ಹೋಗಿ ಎಣ್ಣೆ, ಪುಡಿ, ಪಥ್ಯ ಎಂದು ಹನ್ನೆರಡು ದಿನ ಕಳೆದೆವು. ಅಲ್ಲಿ ಎಣ್ಣೆ ಹಚ್ಚುವವನು ಬಿದ್ದ ಕೈಯನ್ನು ಹಿಡಿದು ಜಗ್ಗಿದ್ದಕ್ಕೆ ಭುಜದಲ್ಲಿ ಹಿಡಿದ ನೋವು ಮೂರು ತಿಂಗಳು ಬಿಡಲಿಲ್ಲ. ಸ್ನಾಯು ಸತ್ವ ಕಳೆದುಕೊಂಡಾಗ ಭುಜದ ಕೀಲನ್ನು ಹಿಡಿದಿಡುವವರು ಯಾರೂ ಇರುವುದಿಲ್ಲ, ತೋಳಿನ ಭಾರಕ್ಕೇ ಅದು ಕೆಳಗೆ ಜಾರುತ್ತದೆ ಎಂದು ತಿಳಿದದ್ದು ಆಮೇಲೆ. ಮನೆಯಲ್ಲಿ ಯಾರಿಗಾದರೂ ಹೀಗಾದರೆ ಕೈ ಹಿಡಿದು ಎಬ್ಬಿಸಬೇಡಿ. ಇದೊಂದನ್ನು ಮಾತ್ರ ಉಪದೇಶವಾಗಿಯೇ ಹೇಳುತ್ತಿದ್ದೇನೆ.

ಫಿಸಿಯೋಥೆರಪಿ ಶುರುವಾದದ್ದು ಜೂನ್ ಮಧ್ಯದಲ್ಲಿ. ನಮ್ಮ ಫಿಸಿಯೋ ಮೇಡಂಗೆ ನನ್ನ ಮಗಳಷ್ಟೇ ವಯಸ್ಸು. ನನ್ನನ್ನು “ಯಜಮಾನರೇ” ಎನ್ನುತ್ತಿದ್ದರು. ನಾನು “ಅಮ್ಮಾ” ಎನ್ನುತ್ತಿದ್ದೆ, ಆಗ ನನ್ನ ನಾಲಿಗೆಗೆ ಸಾಧ್ಯವಿದ್ದದ್ದೂ ಅಷ್ಟೇ. ಮೊದಲೆರಡು ವಾರ ಮಲಗಿಸಿ, ಹೊರಳಿಸಿ, ಕೂರಿಸಿ ಮಾಡುವುದರಲ್ಲಿ ಹೋಯಿತು. ಕಾಲು ನಿಧಾನವಾಗಿ ಬಂತು. ಕೈ ಬರಲಿಲ್ಲ.

ಆ ದಿನಗಳಲ್ಲೇ ಒಂದು ಸಂಜೆ ನಾನು ಬಾಯಿ ತೆರೆದು ದೊಡ್ಡದಾಗಿ ಆಕಳಿಸಿದೆ. ಮಡಿಲಲ್ಲಿ ಬಿದ್ದಿದ್ದ ಬಲಗೈ ತಾನಾಗಿ ಮೊಣಕೈ ಮಡಚಿಕೊಂಡು ಎದೆಯ ಎತ್ತರಕ್ಕೆ ಎದ್ದಿತು. ಆಕಳಿಕೆ ಮುಗಿದದ್ದೇ ಮತ್ತೆ ಬಿದ್ದಿತು. ಹೆಂಡತಿ ದೇವರಿಗೆ ತುಪ್ಪದ ದೀಪ ಹಚ್ಚಿದಳು. ಇನ್ನೊಮ್ಮೆ ಆಕಳಿಸು ಎಂದು ಮಗಳು, ಅಳಿಯ, ಪಕ್ಕದ ಮನೆಯವರು ಎಲ್ಲರೂ ಸುತ್ತ ಕೂತರು. ಬೇಕೆಂದಾಗ ಆಕಳಿಕೆ ಬರುತ್ತದೆಯೇ? ಮರುದಿನ ಮೇಡಂಗೆ ಹೇಳಿದೆವು. ಅವರು ನಗಲಿಲ್ಲ, ಸುಳ್ಳು ಭರವಸೆಯನ್ನೂ ಕೊಡಲಿಲ್ಲ. ಪಾರ್ಶ್ವವಾಯು ಆದ ಕೆಲವರಲ್ಲಿ ಹೀಗಾಗುವುದುಂಟು, ಆಕಳಿಕೆಯ ಅಪ್ಪಣೆ ಮಿದುಳಿನ ಕೆಳಭಾಗದಿಂದ ಬೇರೆ ದಾರಿಯಲ್ಲಿ ಬರುತ್ತದೆ, ಇಚ್ಛೆಯ ದಾರಿ ಅದಲ್ಲ ಎಂದರು. ಆಮೇಲೆ ನನ್ನ ಮುಖ ನೋಡಿ, “ಆದರೆ ಕೈ ಕೆಟ್ಟಿಲ್ಲ ಎಂಬುದು ಗೊತ್ತಾಯಿತಲ್ಲ ಯಜಮಾನರೇ. ದಾರಿ ಕೆಟ್ಟಿದೆ” ಎಂದರು.

ಫಿಸಿಯೋ ಹಾಲ್ ಎಂದರೆ ನಾಲ್ಕು ಮಂಚ, ಹಿಡಿದು ನಡೆಯಲು ಒಂದು ಜೋಡಿ ಕಬ್ಬಿಣದ ಕಂಬಿ, ಗೋಡೆಗೆ ಒರಗಿಸಿದ ಉದ್ದ ಕನ್ನಡಿ, ಸಾಲಾಗಿ ಪ್ಲಾಸ್ಟಿಕ್ ಕುರ್ಚಿ. ಮಾಡುವ ಹೊತ್ತಿಗಿಂತ ಕಾಯುವ ಹೊತ್ತು ಹೆಚ್ಚು. ಕಾಯುತ್ತ ನಾವು ಒಬ್ಬರನ್ನೊಬ್ಬರು ನೋಡುತ್ತಿದ್ದೆವು. ನನಗಿಂತ ಒಂದು ತಿಂಗಳು ಮುಂದಿದ್ದ ಹಳ್ಳಿಯ ಅಜ್ಜಿಯೊಬ್ಬರು ಕುರ್ಚಿಯಿಂದ ಏಳುವುದನ್ನು ನೋಡಿ ನಾನು ಏಳುವುದನ್ನು ಕಲಿತೆ. ನನಗೆ ಮೇಡಂ ದಿನವೂ ಹೇಳುತ್ತಿದ್ದರು, ಮುಂದೆ ಬಾಗಿ, ಮೂಗು ಕಾಲ್ಬೆರಳಿನ ಮೇಲೆ ಬರಲಿ ಎಂದು. ಬೀಳುವ ಭಯಕ್ಕೆ ನಾನು ಹಿಂದಕ್ಕೇ ಸೆಟೆಯುತ್ತಿದ್ದೆ. ಹಿಂದೆ ಸೆಟೆದವನು ಏಳುವುದು ಹೇಗೆ? ಅಜ್ಜಿ ಮಾತ್ರ ಎರಡೂ ಪಾದಗಳನ್ನು ಒಳಕ್ಕೆ ಎಳೆದುಕೊಂಡು, ಒಲೆ ಊದಲು ಬಾಗಿದ ಹಾಗೆ ಮುಂದೆ ಬಾಗಿ, ಬಾಗಿದ ಜೋರಿನಲ್ಲೇ ಸೊಂಟ ಎತ್ತಿಬಿಡುತ್ತಿದ್ದರು. ಮೂರು ದಿನ ಅದನ್ನೇ ನೋಡಿದೆ. ನಾಲ್ಕನೆಯ ದಿನ ಯಾರೂ ಹಿಡಿಯದೆ ಎದ್ದೆ. ಎರಡು ವಾರ ಕಿವಿಗೆ ಹೇಳಿದ್ದು ಆಗದೇ ಇದ್ದದ್ದು ಹೀಗೆ ಕಣ್ಣಿನಿಂದ ಆಯಿತು.

ಆದರೆ ಕಣ್ಣು ಒಳ್ಳೆಯದನ್ನಷ್ಟೇ ಆರಿಸಿಕೊಳ್ಳುವುದಿಲ್ಲ. ನಿವೃತ್ತ ಬಸ್ ಕಂಡಕ್ಟರ್ ಒಬ್ಬರು ನಮ್ಮಲ್ಲೆಲ್ಲ ವೇಗವಾಗಿ ನಡೆಯುತ್ತಿದ್ದರು. ಮೊಣಕಾಲು ಮಡಚದೆ, ಸೊಂಟ ಎತ್ತಿ, ಕಾಲನ್ನು ಕುಡುಗೋಲು ಬೀಸಿದ ಹಾಗೆ ಹೊರಗಿನಿಂದ ಅರ್ಧ ಸುತ್ತು ತಂದು ಹಾಕುತ್ತಿದ್ದರು. ಹಾಲ್‌ನ ವೀರ ಅವರೇ. ಹದಿನೈದು ದಿನದಲ್ಲಿ ನನಗೂ ಅದೇ ಬೀಸು ಬಂತು. ಬೇಕೆಂದು ಅನುಕರಿಸಿದ್ದಲ್ಲ. ಮೇಡಂ ಒಂದು ದಿನ ನಾನು ನಡೆಯುವುದನ್ನು ಹಿಂದಿನಿಂದ ಮೊಬೈಲಿನಲ್ಲಿ ತೆಗೆದು ತೋರಿಸಿದಾಗ ಗಾಬರಿಯಾಯಿತು: ಪರದೆಯ ಮೇಲೆ ಹೋಗುತ್ತಿದ್ದದ್ದು ನನ್ನ ಅಂಗಿ ತೊಟ್ಟ ಕಂಡಕ್ಟರ್. ಮಾವನ ಅಂಗಡಿಯಲ್ಲೂ ಹೀಗೇ ಆಗಿತ್ತು. ಅವರು ಬಟ್ಟೆ ಎಳೆಯುವಾಗ ನಾಲಿಗೆ ಕಚ್ಚುತ್ತಿದ್ದರು; ಕಲಿತ ನಾವು ಮೂವರೂ ಇಂದಿಗೂ ನಾಲಿಗೆ ಕಚ್ಚುತ್ತೇವೆ.

ಆ ವಿಡಿಯೋದ ಮೇಲೆಯೇ ಮೇಡಂಗೆ ಕೈಯ ಉಪಾಯ ಹೊಳೆದಿರಬೇಕು. ಅಥವಾ ಮೊದಲೇ ಯೋಚಿಸಿದ್ದರೋ ಏನೋ. ಇಟಲಿಯ ಪಾರ್ಮಾ ಎಂಬ ಊರಿನ ಕತೆ ಹೇಳಿದರು. ಅಲ್ಲಿ ರಿಜ್ಜೊಲಾಟ್ಟಿ ಎಂಬ ವಿಜ್ಞಾನಿಯ ತಂಡ 1990ರ ದಶಕದ ಆರಂಭದಲ್ಲಿ ಮಂಗಗಳ ಮಿದುಳಿನ ಒಂದೊಂದೇ ಕೋಶದ ಸದ್ದನ್ನು ಆಲಿಸುತ್ತಿತ್ತಂತೆ. ಮಂಗ ಕೈ ಚಾಚಿ ತಿನಿಸು ಹಿಡಿದಾಗ ಮಿಡಿಯುವ ಕೆಲವು ಕೋಶಗಳು, ಮಂಗ ಸುಮ್ಮನೆ ಕೂತು ಮನುಷ್ಯನೊಬ್ಬ ತಿನಿಸು ಎತ್ತುವುದನ್ನು ನೋಡಿದಾಗಲೂ ಮಿಡಿದವು. ಕನ್ನಡಿ ನರಕೋಶ ಎಂದು ಅವಕ್ಕೆ ಹೆಸರಾಯಿತು. ಮನುಷ್ಯರ ವಿಷಯದಲ್ಲಿ ಅದರಿಂದ ಏನೇನು ವಿವರಿಸಬಹುದು ಎಂಬ ಬಗ್ಗೆ ವಿಜ್ಞಾನಿಗಳಲ್ಲೇ ಜಗಳವಿದೆ ಎಂದೂ ಮೇಡಂ ಸೇರಿಸಿದರು. ಜಗಳ ಅವರಿಗಿರಲಿ. ಆದರೆ ನೋಡುವುದನ್ನೇ ಚಿಕಿತ್ಸೆಯ ಭಾಗವಾಗಿ ಮಾಡಿ, ನೋಡಿದ್ದನ್ನು ಕೂಡಲೇ ಮಾಡಿಸುವ ಕ್ರಮ ಪಾರ್ಶ್ವವಾಯುವಿನವರಿಗೆ ಉಪಯೋಗಕ್ಕೆ ಬಂದಿದೆ, 2007ರಲ್ಲೇ ಅದರ ಪ್ರಯೋಗದ ವರದಿ ಬಂದಿದೆ ಎಂದಾಗ ನನಗೆ ಅನ್ನಿಸಿದ್ದು ಒಂದೇ: ಮಾವ ಓದಿದ್ದು ನಾಲ್ಕನೆಯ ತರಗತಿ.

ಮೊದಲು ತೋರಿಸಿದ ವಿಡಿಯೋ ಎಲ್ಲಿಯದೋ. ಬಿಳಿ ಕೈಯೊಂದು ಹಿಡಿಕೆಯಿರುವ ಪಿಂಗಾಣಿ ಬಟ್ಟಲನ್ನು ಎತ್ತುತ್ತಿತ್ತು, ಇಡುತ್ತಿತ್ತು. ಐದು ನಿಮಿಷ ನೋಡಿ ಐದು ನಿಮಿಷ ಪ್ರಯತ್ನಿಸಬೇಕು. ನಾಲ್ಕು ದಿನ ನೋಡಿದೆ, ನಿದ್ದೆ ಬಂತು. ನಾನು ಜನ್ಮದಲ್ಲಿ ಹಿಡಿಕೆ ಹಿಡಿದು ಚಹಾ ಕುಡಿದವನಲ್ಲ. ನಮ್ಮದು ಗಾಜಿನ ಲೋಟ, ಬಿಸಿ ತಾಗದಂತೆ ಅಂಚನ್ನು ಹೆಬ್ಬೆರಳು ಮತ್ತು ನಡುಬೆರಳಿನಲ್ಲಿ ಹಿಡಿಯುವುದು. ತೊದಲುತ್ತ ಅಷ್ಟನ್ನು ಹೇಳಿದಾಗ ಮೇಡಂ ಕಣ್ಣರಳಿಸಿದರು. 2005ರಲ್ಲಿ ಲಂಡನ್ನಿನಲ್ಲಿ ಬ್ಯಾಲೆ ನರ್ತಕರಿಗೂ ಬ್ರೆಜಿಲ್ಲಿನ ಕಪೊಯೆರಾ ಎಂಬ ಕಾಳಗದ ಕುಣಿತದ ಪಟುಗಳಿಗೂ ಎರಡೂ ಬಗೆಯ ಕುಣಿತ ತೋರಿಸಿ ಮಿದುಳಿನ ಚಿತ್ರ ತೆಗೆದಿದ್ದರಂತೆ. ತಾವು ಪಳಗಿದ ಕುಣಿತವನ್ನು ನೋಡಿದಾಗಲೇ ಅವರ ಮಿದುಳಿನ ಚಲನೆಯ ಭಾಗಗಳು ಹೆಚ್ಚು ಎಚ್ಚರಗೊಂಡವು. “ಹಾಗಾದರೆ ನಿಮ್ಮ ಕುಣಿತ ಯಾವುದು?” ಎಂದರು.

ಅಂಗಡಿ ನೋಡಿಕೊಳ್ಳುತ್ತಿದ್ದದ್ದು ನಾನೇ ಕಲಿಸಿದ ಹುಡುಗ. ಹುಡುಗ ಎಂದರೆ ಈಗ ಮೂವತ್ತು ದಾಟಿದವನು, ಹನ್ನೆರಡು ವರ್ಷದಿಂದ ನನ್ನ ಪಕ್ಕ ನಿಂತವನು. ಮಗಳು ಅವನ ಭುಜದ ಹಿಂದೆ, ಕಿವಿಯ ಹತ್ತಿರ ಮೊಬೈಲ್ ಹಿಡಿದು ವಿಡಿಯೋ ಮಾಡಿದಳು. ಎದುರಿನಿಂದ ತೆಗೆಯಬಾರದು ಎಂದು ಮೇಡಂ ಕಟ್ಟಪ್ಪಣೆ ಮಾಡಿದ್ದರು. ಎದುರಿನ ಕೈ ಪರರ ಕೈ, ಭುಜದ ಮೇಲಿನಿಂದ ಕಾಣುವ ಕೈ ತನ್ನ ಕೈ. ಮಾವ ಕೂಡ ನನ್ನನ್ನು ಟೇಬಲ್ಲಿನ ಆಚೆ ನಿಲ್ಲಿಸಿರಲಿಲ್ಲ, ತಮ್ಮ ಬಲ ಮಗ್ಗುಲಲ್ಲಿ ನಿಲ್ಲಿಸಿಕೊಂಡಿದ್ದರು. ಗ್ರಾಹಕರು ನಿಲ್ಲುವುದು ಎದುರಿಗೆ, ಕಲಿಯುವವನು ಪಕ್ಕಕ್ಕೆ.

ಒಟ್ಟು ಆರು ತುಣುಕು ಆದವು. ಲೋಟ ಎತ್ತುವುದು. ಟೇಪನ್ನು ಕುತ್ತಿಗೆಯಿಂದ ತೆಗೆದು ಬಿಡಿಸುವುದು. ಸುಣ್ಣದ ಬಿಲ್ಲೆಯಿಂದ ಗೆರೆ ಎಳೆಯುವುದು. ಬಟ್ಟೆಯನ್ನು ಅಂಗೈಯಿಂದ ಸವರಿ ಸಮ ಮಾಡುವುದು. ಕತ್ತರಿ. ಕೊನೆಯದು ಮಂಡಕ್ಕಿ, ಅದರಲ್ಲಿದ್ದದ್ದು ಹೆಂಡತಿಯ ಕೈ, ತಟ್ಟೆಯಿಂದ ಒಂದೊಂದೇ ಕಾಳು ಎತ್ತಿ ಲೋಟಕ್ಕೆ ಹಾಕುವುದು. ದಾವಣಗೆರೆಯವನಿಗೆ ಮಂಡಕ್ಕಿಗಿಂತ ಪರಿಚಿತವಾದದ್ದು ಯಾವುದಿದೆ? ಹಗುರ ಬೇರೆ; ಸ್ವಲ್ಪ ಜೋರಾಗಿ ಹಿಡಿದರೆ ಪುಡಿಯಾಗಿ ತಪ್ಪನ್ನು ತಾನೇ ಹೇಳುತ್ತದೆ.

ನೋಡುವುದು ವಿಶ್ರಾಂತಿ ಎಂದುಕೊಂಡವರಿಗೆ ಹೇಳುತ್ತೇನೆ, ಕತ್ತರಿಯ ವಿಡಿಯೋ ಐದು ನಿಮಿಷ ನೋಡಿದರೆ ನನ್ನ ಹಣೆ ಬೆವರುತ್ತಿತ್ತು. ಸುಮ್ಮನೆ ನೋಡುವುದಲ್ಲ, ಈಗ ನಾನು ಮಾಡಬೇಕು ಎಂಬ ಮನಸ್ಸಿನಲ್ಲಿ ನೋಡಬೇಕು. ಒಂದು ಸಲ ಬೆರಳಷ್ಟೇ, ಒಂದು ಸಲ ಮಣಿಕಟ್ಟಷ್ಟೇ. ಮೂರನೆಯ ಸಲ ಮೊಣಕೈ ಎಲ್ಲಿ ಊರಿದೆ ಎಂಬುದು. ಹುಡುಗನ ಕೈಯನ್ನು ಹನ್ನೆರಡು ವರ್ಷ ನೋಡಿದ್ದೆ, ಬಟ್ಟೆ ಹಾಳಾಗದಿರಲಿ ಎಂಬ ಯಜಮಾನನ ಕಣ್ಣಿನಿಂದ. ಈಗ ನೋಡಿದಾಗ ಬೇರೆ ಕಂಡಿತು. ಅವನು ಹೆಬ್ಬೆರಳನ್ನು ಕತ್ತರಿಯ ಬಳೆಯೊಳಗೆ ಪೂರ್ತಿ ತೂರಿಸುವುದಿಲ್ಲ, ಗೆಣ್ಣಿನ ಕೆಳಗೇ ನಿಲ್ಲಿಸುತ್ತಾನೆ. ಅದು ನನ್ನ ಹೆಬ್ಬೆರಳು. ನನ್ನದಕ್ಕಿಂತ ಮೊದಲು ಮಾವನದು. ಪರದೆಯ ಮೇಲಿನ ಆ ಕೈಯನ್ನು ನೋಡುತ್ತ ಎರಡು ದಿನ ಅಭ್ಯಾಸವೇ ಆಗಲಿಲ್ಲ, ಗಂಟಲು ಕಟ್ಟುತ್ತಿತ್ತು. ಮೇಡಂ ಅದನ್ನೂ ಕಾದರು.

ಮೂರು ವಾರ ಏನೂ ಆಗಲಿಲ್ಲ. ಬಲಗೈ ಆ ಹೊತ್ತಿಗೆ ಸಡಿಲದಿಂದ ಬಿಗಿತಕ್ಕೆ ತಿರುಗಿತ್ತು. ಬೆರಳುಗಳು ಒಳಕ್ಕೆ ಮಡಚಿ ಮುಷ್ಟಿಯಾಗುತ್ತಿದ್ದವು. ಯಾರೋ ಬಂಧುಗಳು ಮೃದುವಾದ ಚೆಂಡು ತಂದುಕೊಟ್ಟಿದ್ದರು, ಅದನ್ನು ಹಗಲೆಲ್ಲ ಹಿಸುಕುತ್ತಿದ್ದೆ, ಮುಷ್ಟಿ ಇನ್ನಷ್ಟು ಬಿಗಿಯಿತು. ಮೇಡಂ ಚೆಂಡನ್ನು ಕಸಿದುಕೊಂಡು ಮೊಮ್ಮಗನಿಗೆ ಕೊಟ್ಟರು. ಹಿಡಿಯುವುದು ನಿಮಗೆ ಬಂದಿದೆ, ಬಿಡುವುದು ಬಂದಿಲ್ಲ, ವಿಡಿಯೋದಲ್ಲಿ ಬಿಡುವುದನ್ನು ನೋಡಿ ಎಂದರು.

ನಲವತ್ತು ವರ್ಷ ಕತ್ತರಿ ಹಿಡಿದವನು ಆಗ ಮೊದಲ ಸಲ ಗಮನಿಸಿದೆ: ಕತ್ತರಿಯಲ್ಲಿ ಕತ್ತರಿಸುವುದಕ್ಕಿಂತ ತೆರೆಯುವುದೇ ಕೆಲಸ. ಮುಚ್ಚಿದಾಗ ಬಟ್ಟೆ ತುಂಡಾಗುತ್ತದೆ ನಿಜ, ಆದರೆ ಗೆರೆ ನೇರ ಬರುವುದು ತೆರೆದು ಮುಂದೆ ಸರಿಯುವ ಆ ಅರೆಕ್ಷಣದಲ್ಲಿ. ಅಲ್ಲಿಂದ ನಾನು ಹುಡುಗನ ಹೆಬ್ಬೆರಳು ಹೊರಕ್ಕೆ ಹೋಗುವುದನ್ನು ಮಾತ್ರ ನೋಡತೊಡಗಿದೆ. ಮಗಳು ಅಷ್ಟೇ ಭಾಗವನ್ನು ನಿಧಾನಗತಿಯಲ್ಲಿ ಮತ್ತೆ ಮತ್ತೆ ಬರುವಂತೆ ಮಾಡಿಕೊಟ್ಟಳು.

ಜೊತೆಗೆ ಕನ್ನಡಿಯೂ ಬಂತು. ನಮ್ಮ ಅಂಗಡಿಯ ಸಣ್ಣ ಕನ್ನಡಿಯನ್ನು ಎದೆಯ ನೇರಕ್ಕೆ ಮೇಜಿನ ಮೇಲೆ ಎರಡೂ ಕೈಗಳ ನಡುವೆ, ಮುಖ ಎಡಕ್ಕೆ ಬರುವಂತೆ ನಿಲ್ಲಿಸಿ, ಬಲಗೈಯನ್ನು ಅದರ ಹಿಂದೆ ಇಟ್ಟು, ಎಡಗೈ ಆಡಿಸುತ್ತ ಕನ್ನಡಿಯೊಳಗೆ ನೋಡಬೇಕು. ಕನ್ನಡಿಯಲ್ಲಿ ಎಡಗೈ ಬಲಗೈಯಾಗುತ್ತದೆ. ಕತ್ತರಿಸಿ ತೆಗೆದ ಕೈಯ ಜಾಗದಲ್ಲೂ ನೋವು ಅನುಭವಿಸುವವರಿಗಾಗಿ ನರವಿಜ್ಞಾನಿ ವಿ. ಎಸ್. ರಾಮಚಂದ್ರನ್ ಈ ಉಪಾಯ ಮಾಡಿದ್ದು. 1999ರಲ್ಲಿ ಅವರೂ ಇದ್ದ ತಂಡ ಒಂಬತ್ತು ಮಂದಿ ಪಾರ್ಶ್ವವಾಯು ರೋಗಿಗಳಲ್ಲಿ ಇದನ್ನು ಪರೀಕ್ಷಿಸಿ ನೋಡಿತು. ಮೇಡಂ ಮೊದಲು ನನ್ನ ಎಡಗೈಯ ಉಂಗುರವನ್ನೂ ವಾಚನ್ನೂ ತೆಗೆಸಿದರು. ಬಲಗೈಯಲ್ಲಿ ಇಲ್ಲದ ಉಂಗುರ ಕನ್ನಡಿಯ ಬಲಗೈಯಲ್ಲಿ ಕಂಡರೆ ಕಣ್ಣು ಮೋಸ ಹೋಗುವುದಿಲ್ಲವಂತೆ. ಮೊದಲ ದಿನ ತಲೆ ಸುತ್ತಿದ ಹಾಗಾಯಿತು. ತಿಂಗಳುಗಟ್ಟಲೆ ಮುಷ್ಟಿಯಾಗಿದ್ದ ಕೈ ಎದುರಿಗೆ ಸಲೀಸಾಗಿ ಅರಳುತ್ತಿದೆ, ಸುಳ್ಳೆಂದು ಗೊತ್ತು, ಆದರೂ ನೋಡುತ್ತಿದ್ದೆ. ಟ್ರಯಲ್ ಕನ್ನಡಿಯ ಮುಂದೆ ಗ್ರಾಹಕರಿಗೆ ನಾನು ಎಷ್ಟು ಸುಳ್ಳು ಹೇಳಿಲ್ಲ!

ಹೆಬ್ಬೆರಳು ಮೊದಲು ಹೊರಕ್ಕೆ ಸರಿದದ್ದು ಗೌರಿ ಹಬ್ಬದ ಎರಡು ದಿನ ಮುಂಚೆ, ಬೆಳಿಗ್ಗೆ, ವಿಡಿಯೋ ನೋಡುವಾಗ. ಪ್ರಯತ್ನಿಸುವ ಐದು ನಿಮಿಷ ಇನ್ನೂ ಶುರುವಾಗಿರಲಿಲ್ಲ. ನಾನು ಕಂಡಿರಲಿಲ್ಲ, ಹೆಂಡತಿ ಕಂಡಳು. “ನೋಡಿ, ಅಲ್ಲಾಡಿತು” ಎಂದಳು. ಆಕಳಿಸಿದೆನೇನು ಎಂದು ಕೇಳಿದೆ. ಇಲ್ಲ ಎಂದಳು. ಈ ಸಲ ದೀಪ ಹಚ್ಚಲಿಲ್ಲ, ನೇರ ಮೇಡಂಗೆ ಫೋನ್ ಮಾಡಿದಳು.

ಮುಂದಿನದು ಬೇಸರದ ಲೆಕ್ಕ. ಅಕ್ಕಿಯಿಂದ ನುಚ್ಚು ಆರಿಸಿದ ಹಾಗೆ, ದಿನಕ್ಕೆ ಮುನ್ನೂರು ಸಲ ಅದನ್ನೇ ಮಾಡುವುದು. ಎಡಗೈಗೆ ದಿನವೂ ಎರಡು ಗಂಟೆ ಅಡುಗೆಮನೆಯ ಕೈಗವಸು ತೊಡಿಸಿ ಕೂರಿಸುವುದು, ಇಲ್ಲದಿದ್ದರೆ ಎಲ್ಲ ಕೆಲಸಕ್ಕೂ ಅದೇ ಮುನ್ನುಗ್ಗುತ್ತದೆ, ಬಲಗೈ ತಾನು ಕೈಯೆಂಬುದನ್ನೇ ಮರೆಯುತ್ತದೆ. ದೀಪಾವಳಿಗೆ ಲೋಟ ಹಿಡಿದೆ. ಸಂಕ್ರಾಂತಿಗೆ ಮಂಡಕ್ಕಿ: ಹತ್ತಕ್ಕೆ ಆರು ಕಾಳು ಲೋಟ ಸೇರಿದವು, ಮೂರು ಪುಡಿಯಾದವು, ಒಂದನ್ನು ತಿಂದೆ.

ಈಗ ಹದಿನಾಲ್ಕು ತಿಂಗಳಾಗಿವೆ. ಬ್ಲೌಸ್ ಕತ್ತರಿಸಲು ನನ್ನಿಂದ ಆಗುವುದಿಲ್ಲ, ಆಗುತ್ತದೆ ಎಂದು ಮೇಡಂ ಯಾವತ್ತೂ ಹೇಳಲಿಲ್ಲ. ದಪ್ಪ ಬಟ್ಟೆಯ ಮೇಲೆ ನೇರ ಗೆರೆಯಾದರೆ ಒಂದು ಮೊಳದಷ್ಟು ಹೋಗುತ್ತೇನೆ, ಆಮೇಲೆ ಹೆಬ್ಬೆರಳು ಮುಷ್ಕರ ಹೂಡುತ್ತದೆ. ಸುಣ್ಣದ ಗೆರೆ ಮಾತ್ರ ಈಗ ನನ್ನದೇ. ನಾನು ಗೆರೆ ಹಾಕಿದ ಮೇಲೆ ಹುಡುಗ ಕತ್ತರಿಸುತ್ತಾನೆ. ಕಾಜಾ ಹೊಲಿಯಲು ಇನ್ನೂ ಕಲಿಯುತ್ತಿದ್ದೇನೆ. ಸೂಜಿ ಸಣ್ಣದಾದಷ್ಟೂ ಕಷ್ಟ.

ಹೋದ ವಾರ ತಪಾಸಣೆಗೆಂದು ಹಾಲ್‌ಗೆ ಹೋಗಿದ್ದೆ. ಪ್ಲಾಸ್ಟಿಕ್ ಕುರ್ಚಿಯಲ್ಲಿ ಹೊಸಬರೊಬ್ಬರು ಕೂತಿದ್ದರು, ಅಡಿಕೆ ವ್ಯಾಪಾರಿಯಂತೆ, ಎಡಗಡೆ ಹೋಗಿತ್ತು. ನಾನು ಎದ್ದು ಕಂಬಿಗಳ ಕಡೆಗೆ ನಡೆಯುವುದನ್ನು ರೆಪ್ಪೆ ಹೊಡೆಯದೆ ನೋಡುತ್ತಿದ್ದರು. ಆ ನೋಟ ನನಗೆ ಗೊತ್ತು. ವಾಪಸ್ ಬಂದು ಅವರ ಪಕ್ಕದಲ್ಲೇ ಕೂತೆ.

“ಯಜಮಾನರೇ, ನನ್ನ ನಡಿಗೆ ನೋಡಬೇಡಿ. ಇದು ಒಬ್ಬ ಕಂಡಕ್ಟರದು, ಇನ್ನೂ ಪೂರ್ತಿ ಹೋಗಿಲ್ಲ” ಎಂದೆ. “ನಾನು ಏಳುವುದನ್ನು ಮಾತ್ರ ನೋಡಿ.”

ಪಾದ ಒಳಕ್ಕೆ ಎಳೆದುಕೊಂಡು, ಒಲೆ ಊದಲು ಬಾಗಿದ ಹಾಗೆ ಬಾಗಿ, ಎದ್ದು ತೋರಿಸಿದೆ. ಇನ್ನೊಮ್ಮೆ ಎಂದರು. ಮತ್ತೆ ಕೂತೆ.